ಹಟ್ಟಿಯ ಚಿನ್ನಕ್ಕೆ ದಾರಿ ತೋರಿದ ಬತ್ತಿ

ಹಟ್ಟಿ (ರಾಯಚೂರು ಜಿಲ್ಲೆ): ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನ ತೆಗೆದವರಲ್ಲಿ ಬ್ರಿಟಿಷರು ಮೊದಲಿಗರಲ್ಲ. ಅವರು ಬರುವ ವೇಳೆಗೆ ಇಲ್ಲಿನ ಪ್ರಾಚೀನ ಗಣಿಗುಂಡಿಗಳು ಸುಮಾರು 600 ಅಡಿ ಆಳ ತಲುಪಿದ್ದವು. ಗುಂಡಿಗಳಲ್ಲಿ ದೊರೆತ ಮರದ ತುಂಡುಗಳ ಕಾಲಪರೀಕ್ಷೆ ಈ ಕಸುಬನ್ನು ಸುಮಾರು 2000 ವರ್ಷಗಳಷ್ಟು ಹಿಂದಕ್ಕೆ ಒಯ್ದಿದೆ. ಬಂಡೆಯನ್ನು ಬೆಂಕಿಯಿಂದ ಕಾಯಿಸಿ, ನೀರೆರಚಿ ಬಿರುಕು ಬಿಡಿಸಿ, ಸಿಡಿದ ಚೂರುಗಳನ್ನು ಒರಳುಗುಳಿಗಳಲ್ಲಿ ಅರೆದು ತೊಳೆಯುವುದು ಅಂದಿನ ವಿಧಾನ. ಮಸ್ಕಿಯ ಪ್ರಸಿದ್ಧ ಅಶೋಕ ಶಾಸನವನ್ನು 1915ರಲ್ಲಿ ಕಂಡುಹಿಡಿದ ಸಿ. ಬೀಡನ್ ಕೂಡ ಚಿನ್ನದ ಜಾಡು ಹುಡುಕುತ್ತಿದ್ದ ಗಣಿ ಎಂಜಿನಿಯರೇ ಎಂಬುದು ಇಲ್ಲಿ ಉಲ್ಲೇಖಾರ್ಹ.

ಬೆಂಕಿ ಮತ್ತು ಉಳಿಯಿಂದ ಸಾಧ್ಯವಾಗದ ಆಳವನ್ನು ಮುಂದಿನವರು ತಲುಪಿದ್ದು ಹೇಗೆ? ಇದಕ್ಕೆ ಉತ್ತರ ಹುಡುಕಲು ಇಂಗ್ಲೆಂಡಿನ ನೈರುತ್ಯ ಮೂಲೆಯ ಕಾರ್ನ್‌ವಾಲ್‌ಗೆ ಹೋಗಬೇಕಾಗುತ್ತದೆ. ತವರ ಮತ್ತು ತಾಮ್ರದ ಗಣಿಗಳ ಈ ನಾಡಿನಲ್ಲಿ ಬಂಡೆ ಸಿಡಿಸಲು ಕರಿಮದ್ದು ಬಹುಕಾಲದಿಂದ ಬಳಕೆಯಲ್ಲಿತ್ತು. ಕಷ್ಟವಿದ್ದದ್ದು ಮದ್ದಿನಲ್ಲಲ್ಲ, ಅದಕ್ಕೆ ಬೆಂಕಿ ತಾಗಿಸುವ ಕ್ಷಣದಲ್ಲಿ. ಹುಲ್ಲಿನ ಕೊಳವೆಗೋ ಬಾತುಕೋಳಿಯ ಗರಿಯ ಟೊಳ್ಳಿಗೋ ಮದ್ದು ತುಂಬಿ ಬತ್ತಿಯಾಗಿ ಇಡುತ್ತಿದ್ದರು. ಅದು ಒಮ್ಮೆ ಸರ್ರನೆ ಉರಿದು ಮುಗಿಯುತ್ತಿತ್ತು, ಇನ್ನೊಮ್ಮೆ ಒಳಗೇ ಕನಲುತ್ತ ಉಳಿಯುತ್ತಿತ್ತು. ಆರಿಹೋಯಿತೆಂದು ನೋಡಲು ಹೋದ ಕಾರ್ಮಿಕನ ಮುಖದೆದುರೇ ಬಂಡೆ ಸಿಡಿಯುತ್ತಿತ್ತು. ಕಣ್ಣು ಕಳೆದುಕೊಂಡವರು, ಕೈ ಕಳೆದುಕೊಂಡವರು ಗಣಿಯೂರುಗಳಲ್ಲಿ ಸಾಮಾನ್ಯ ದೃಶ್ಯವಾಗಿದ್ದರು.

ಇದಕ್ಕೆ ಪರಿಹಾರ ಕಂಡುಕೊಂಡ ವಿಲಿಯಂ ಬಿಕ್‌ಫರ್ಡ್ ಗಣಿಯವನಲ್ಲ, ಚರ್ಮದ ವ್ಯಾಪಾರಿ. ಕಾರ್ನ್‌ವಾಲ್‌ನ ಕ್ಯಾಂಬೋರ್ನ್ ಸಮೀಪದ ಟಕಿಂಗ್‌ಮಿಲ್‌ನಲ್ಲಿ ನೆಲೆಸಿದ್ದ ಆತನ ಮೊದಲ ಪ್ರಯತ್ನ ವಿಫಲವಾಯಿತು. ಒಂದು ದಿನ ಹಗ್ಗ ಹೊಸೆಯುವವನೊಬ್ಬ ಹಿಂದೆ ಹಿಂದೆ ನಡೆಯುತ್ತ ಎಳೆಗಳನ್ನು ಹುರಿ ಮಾಡುವುದನ್ನು ನೋಡುತ್ತಿದ್ದಾಗ ಆತನಿಗೆ ಉಪಾಯ ಹೊಳೆಯಿತೆಂದು ಹೇಳಲಾಗುತ್ತದೆ. ಹೊಸೆಯುವಾಗಲೇ ಎಳೆಗಳ ನಡುವೆ ಲಾಳಿಕೆಯಿಂದ ಮದ್ದಿನ ಪುಡಿ ಸುರಿದರೆ? ಮೊದಲ ಸುತ್ತಿನ ಹುರಿ ಬಿಚ್ಚಿಕೊಳ್ಳದಂತೆ ಎದುರು ದಿಕ್ಕಿನಲ್ಲಿ ಇನ್ನೊಂದು ಸುತ್ತು ನೂಲು, ತೇವ ತಗುಲದಂತೆ ಮೇಲೆ ಡಾಂಬರಿನ ಲೇಪ. ಅಷ್ಟೇ. ಹುರಿಯ ಉದ್ದಕ್ಕೂ ಮದ್ದು ಸಮನಾಗಿ ಕೂತಿದ್ದರಿಂದ ಉರಿಯುವ ವೇಗವೂ ಹೆಚ್ಚುಕಡಿಮೆ ಸಮನಾಯಿತು: ಒಂದು ಅಡಿಗೆ ಸುಮಾರು ಅರ್ಧ ನಿಮಿಷ. ನಾಲ್ಕು ಅಡಿ ಬತ್ತಿ ಇಟ್ಟರೆ ಓಡಿ ಮರೆಯಾಗಲು ಎರಡು ನಿಮಿಷವಿದೆ ಎಂದು ಕಾರ್ಮಿಕ ಮೊದಲೇ ಲೆಕ್ಕ ಹಾಕಬಹುದಾಯಿತು. 1831ರ ಸೆಪ್ಟೆಂಬರ್‌ನಲ್ಲಿ ಇದಕ್ಕೆ ಪೇಟೆಂಟ್ ದೊರೆಯಿತು. ಬಿಕ್‌ಫರ್ಡ್ 1834ರಲ್ಲೇ ತೀರಿಕೊಂಡ. ಬತ್ತಿ ಲೋಕವೆಲ್ಲ ಸುತ್ತಿದ್ದನ್ನು ನೋಡುವ ಭಾಗ್ಯ ಆತನಿಗೆ ಇರಲಿಲ್ಲ.

ಆಲ್ಫ್ರೆಡ್ ನೊಬೆಲ್ 1867ರಲ್ಲಿ ಡೈನಮೈಟ್‌ಗೆ ಪೇಟೆಂಟ್ ಪಡೆದಾಗಲೂ ಅದನ್ನು ಸಿಡಿಸುವ ಪುಟ್ಟ ಲೋಹದ ಕ್ಯಾಪಿಗೆ ಕಿಡಿ ಮುಟ್ಟಿಸಲು ಇಂಥದೇ ಬತ್ತಿ ಬೇಕಾಯಿತು. ನೊಬೆಲ್‌ನ ಹೆಸರು ಬಹುಮಾನದ ಮೂಲಕ ಮನೆಮಾತಾಗಿದೆ, ಬಿಕ್‌ಫರ್ಡ್‌ನದು ಗಣಿಯವರಾಚೆ ಯಾರಿಗೂ ತಿಳಿದಿಲ್ಲ.

ಸಿಡಿದ ಬಂಡೆ ಪುಡಿಯಾಗಬೇಕು. ಅಮೆರಿಕದ ಎಲಿ ವಿಟ್ನಿ ಬ್ಲೇಕ್ ರಸ್ತೆ ಕಾಮಗಾರಿಯ ಮೇಲ್ವಿಚಾರಣೆ ವಹಿಸಿಕೊಂಡಾಗ ಆಳುಗಳು ಸುತ್ತಿಗೆಯಿಂದ ಕಲ್ಲು ಒಡೆಯುವ ನಿಧಾನವನ್ನು ಕಂಡು ಬೇಸತ್ತು, ಕಲ್ಲನ್ನು ದವಡೆಯಂತೆ ಜಗಿಯುವ ಯಂತ್ರ ರೂಪಿಸಿದ. ಒಂದು ಉಕ್ಕಿನ ದವಡೆ ಸ್ಥಿರ, ಇನ್ನೊಂದು ಚಲಿಸುವಂಥದು. 1858ರ ಪೇಟೆಂಟ್ ಅದು. ರಾಜ್ಯದ ಹೆದ್ದಾರಿಗಳ ಬದಿಯ ಜಲ್ಲಿ ಕ್ರಷರ್‌ಗಳಲ್ಲಿ ಇಂದಿಗೂ ಕಲ್ಲು ಜಗಿಯುವುದು ಬಹುಮಟ್ಟಿಗೆ ಅದರ ವಂಶಸ್ಥ ಯಂತ್ರಗಳೇ.

ಇನ್ನುಳಿದದ್ದು ಪುಡಿಯಿಂದ ಚಿನ್ನ ಬೇರ್ಪಡಿಸುವ ಕೆಲಸ. ಒಂದು ಟನ್ ಅದಿರಿನಲ್ಲಿ ಇರುವುದು ಕೆಲವೇ ಗ್ರಾಂ. ಪಾದರಸಕ್ಕೆ ಅಂಟದೆ ಮರಳಿನೊಡನೆ ಹೊರಹೋಗುವ ಪಾಲು ದೊಡ್ಡದಿತ್ತು. ಗ್ಲಾಸ್ಗೋದ ರಸಾಯನಶಾಸ್ತ್ರಜ್ಞ ಜಾನ್ ಸ್ಟೂವರ್ಟ್ ಮ್ಯಾಕ್‌ಆರ್ಥರ್ ಹಾಗೂ ವೈದ್ಯ ಸಹೋದರರಾದ ಫಾರೆಸ್ಟ್‌ದ್ವಯರು 1887ರಲ್ಲಿ ಪಡೆದ ಪೇಟೆಂಟ್ ಈ ನಷ್ಟವನ್ನು ತಡೆಯಿತು. ನಸು ಸಯನೈಡ್ ಬೆರೆಸಿದ ನೀರಿನಲ್ಲಿ ಪುಡಿಯನ್ನು ನೆನೆಸಿದರೆ ಚಿನ್ನ ಕರಗಿ ನೀರಿಗೆ ಇಳಿಯುತ್ತದೆ. ಆ ನೀರನ್ನು ಸತುವಿನ ಸುರುಳಿಗಳ ಮೇಲೆ ಹಾಯಿಸಿದರೆ ಚಿನ್ನ ಮತ್ತೆ ಕೂಡಿಕೊಳ್ಳುತ್ತದೆ. ಅನುಕೂಲಕರ ಅದಿರಿನಿಂದ ಶೇ 90ಕ್ಕೂ ಹೆಚ್ಚು ಚಿನ್ನ ಕೈಸೇರತೊಡಗಿತು.

ಆದರೆ ಈ ಪೇಟೆಂಟ್ ನೆಮ್ಮದಿಯಿಂದ ಬಾಳಲಿಲ್ಲ. ಸಯನೈಡ್ ಚಿನ್ನವನ್ನು ಕರಗಿಸುತ್ತದೆಂಬುದು ಹಳೆಯ ಸಂಗತಿ. ಎಲ್ಕಿಂಗ್ಟನ್ 1840ರಲ್ಲೇ ಚಿನ್ನದ ಲೇಪನಕ್ಕೆ ಅದನ್ನು ಬಳಸಿದ್ದ. ತಿಳಿದಿದ್ದ ಗುಣಕ್ಕೆ ಹೊಸ ಉಪಯೋಗ ಕಂಡುಕೊಂಡರೆ ಅದು ಆವಿಷ್ಕಾರವೇ ಎಂಬ ಪ್ರಶ್ನೆ ನ್ಯಾಯಾಲಯಗಳ ಮೆಟ್ಟಿಲೇರಿತು. ರಾಯಧನ ತೆರಲು ಒಪ್ಪದ ದಕ್ಷಿಣ ಆಫ್ರಿಕಾದ ಗಣಿಮಾಲೀಕರ ಹೋರಾಟದಿಂದ 1896ರಲ್ಲಿ ಟ್ರಾನ್ಸ್‌ವಾಲ್ ನ್ಯಾಯಾಲಯ ಪೇಟೆಂಟನ್ನು ರದ್ದುಗೊಳಿಸಿತು. ನ್ಯೂಜಿಲೆಂಡ್ ಸರ್ಕಾರ ಮಾತ್ರ ಮರುವರ್ಷ 10,000 ಪೌಂಡ್ ತೆತ್ತು ಹಕ್ಕನ್ನೇ ಕೊಂಡುಕೊಂಡಿತು. ಅದೇ ಹೆಚ್ಚು ಗೌರವದ ದಾರಿಯಾಗಿತ್ತು ಎನ್ನಬೇಕು.

ಬ್ರಿಟನ್ನಿನಲ್ಲಿ ಆಗ ಪೇಟೆಂಟ್ ಅವಧಿ 14 ವರ್ಷ. 1887ರದು 1901ಕ್ಕೆ ಮುಗಿಯಬೇಕಿತ್ತು. ಅದರ ಮರುವರ್ಷ, ಕೋಲಾರದ ಗಣಿಗಳನ್ನು ನಡೆಸುತ್ತಿದ್ದ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ನಿಜಾಮರ ಆಳ್ವಿಕೆಯಲ್ಲಿದ್ದ ಹಟ್ಟಿಯಲ್ಲಿ ಕೆಲಸ ಆರಂಭಿಸಿತು. ಪರರ ಪೇಟೆಂಟ್‌ಗಳು ಹಳೆಯದಾಗುವ ಹೊತ್ತಿಗೆ ಇಲ್ಲಿನ ಬಂಡೆಯ ಸರದಿ ಬಂದಿತ್ತು. ಆ ಗಣಿ 1920ರಲ್ಲಿ ಮುಚ್ಚಿತು. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿ ಸ್ಥಾಪನೆಯಾಗಿ ಕೆಲಸ ಮತ್ತೆ ಆರಂಭವಾಯಿತು. ಮುಂದೆ ಅದೇ ರಾಜ್ಯ ಸರ್ಕಾರದ ಹಟ್ಟಿ ಚಿನ್ನದ ಗಣಿ ಕಂಪನಿಯಾಯಿತು. 2001ರ ಫೆಬ್ರುವರಿಯಲ್ಲಿ ಕೋಲಾರ ಗಣಿಗಳು ಸ್ತಬ್ಧವಾದ ಬಳಿಕವೂ ಇಲ್ಲಿ ಅದಿರಿನ ಪುಡಿ ಸಯನೈಡ್ ನೀರಿನಲ್ಲಿ ನೆನೆಯುವುದು ನಿಂತಿಲ್ಲ. ಸತುವಿನ ಸ್ಥಾನಕ್ಕೆ ಇದ್ದಿಲು ಬಂದಿದೆ. ಚಿನ್ನ ಹೋದ ಮೇಲೆ ಉಳಿಯುವ ಬೂದುಬಣ್ಣದ ಪುಡಿಯ ದಿಬ್ಬಗಳು ಮಾತ್ರ ಊರಿನ ಪಕ್ಕದಲ್ಲೇ ಉಳಿಯುತ್ತವೆ.