ಅಡಿಗೆಮನೆಯ ಮೊಗ್ಗು

ಒಮ್ಮೆ ದೀಪಾವಳಿಯ ಸಮಯದಲ್ಲಿ ಬಿಸಿಬೇಳೆ ಭಾತಿನ ಪುಡಿಗೆಂದು ಮನೆಯಾಕೆ ಬರೆದುಕೊಟ್ಟ ಚೀಟಿ ಹಿಡಿದು ಪುಣೆಯ ರವಿವಾರ ಪೇಠೆಗೆ ಹೋಗಿದ್ದೆ. ಅದರಲ್ಲಿ ‘ಮರಾಠಿ ಮೊಗ್ಗು’ ಎಂದಿತ್ತು. ಅಂಗಡಿಯವರು ನಕ್ಕು, “ನಾನು ಅಪ್ಪಟ ಮರಾಠಿಯವನು, ಈ ಹೆಸರನ್ನು ಇಂದೇ ಕೇಳಿದ್ದು” ಎಂದರು. ಕೊನೆಗೆ ಲವಂಗವನ್ನಷ್ಟೇ ಕಟ್ಟಿಸಿಕೊಂಡು ಬಂದೆ.

ಲವಂಗವೂ ಒಂದು ಹೂಮೊಗ್ಗೇ ಎಂಬುದು ನಮ್ಮಲ್ಲನೇಕರ ಗಮನಕ್ಕೆ ಬಂದಿರುವುದಿಲ್ಲ. ಇಂಡೊನೇಷ್ಯದ ಮೊಲುಕ್ಕ ದ್ವೀಪಗಳು ಇದರ ತವರು. ನಮ್ಮ ದೇಶದಲ್ಲಿ ಕನ್ಯಾಕುಮಾರಿ ಜಿಲ್ಲೆ, ಕೇರಳ, ದಕ್ಷಿಣ ಕನ್ನಡ ಮೊದಲಾದೆಡೆ ಬೆಳೆಯುತ್ತಾರೆ. ಕೊಂಬೆಯ ತುದಿಯಲ್ಲಿ ಗೊಂಚಲಾಗಿ ಮೂಡುವ ಹಸಿರು ಮೊಗ್ಗು ನಸುಗೆಂಪಿಗೆ ತಿರುಗಿದೊಡನೆ, ಅರಳುವ ಮುನ್ನವೇ ಕೈಯಿಂದ ಬಿಡಿಸಿ ನಾಲ್ಕೈದು ದಿನ ಬಿಸಿಲಿನಲ್ಲಿ ಒಣಗಿಸುತ್ತಾರೆ. ಅರಳಿತೆಂದರೆ ಬೆಲೆ ಇಳಿಯಿತು. ಲವಂಗದ ತಲೆಯ ಪುಟ್ಟ ಗುಂಡು ಬಿಚ್ಚದ ದಳಗಳ ಮುದ್ದೆ. ಅದನ್ನು ಹಿಡಿದಿರುವ ನಾಲ್ಕು ಚೂಪು ತುದಿಗಳು ಪುಷ್ಪಪಾತ್ರೆಯವು. ಉಗುರಿನಿಂದ ಒತ್ತಿದಾಗ ಎಣ್ಣೆ ಜಿನುಗಿದರೆ ಮಾಲು ಒಳ್ಳೆಯದು. ಎಣ್ಣೆ ತೆಗೆದ ಲವಂಗ ನೀರಿನ ಮೇಲೆ ಅಡ್ಡಲಾಗಿ ತೇಲುತ್ತದೆ.

ಈ ಎಣ್ಣೆಯ ಮುಖ್ಯಾಂಶ ಯೂಜಿನಾಲ್. ಇದು ನೋವಿನ ಅರಿವನ್ನು ಸ್ವಲ್ಪ ಹೊತ್ತು ಮಂದಗೊಳಿಸುತ್ತದೆ. ದಂತವೈದ್ಯರು ಇದನ್ನು ಸತುವಿನ ಆಕ್ಸೈಡಿನೊಡನೆ ಕಲಸಿ ತಾತ್ಕಾಲಿಕವಾಗಿ ಹಲ್ಲು ತುಂಬಲು ಬಳಸುತ್ತಾರೆ. ಆದರೆ ‘ಸ್ವಲ್ಪ ಹೊತ್ತು’ ಎಂಬುದನ್ನು ನಾನು ಮರೆತೆ.

ಫೆಬ್ರವರಿಯಲ್ಲಿ ನನ್ನ ದವಡೆಹಲ್ಲು ನೋಯತೊಡಗಿತು. ಬ್ಯಾಂಕಿನಲ್ಲಿ ಮಾರ್ಚಿಯ ವಾರ್ಷಿಕ ಲೆಕ್ಕದ ಭರಾಟೆ. ಅದೇ ಪೊಟ್ಟಣದ ಲವಂಗವೊಂದನ್ನು ಹಲ್ಲಿನ ಸಂದಿಯಲ್ಲಿರಿಸಿದೆ, ನೋವು ಮಾಯ! ಹೀಗೆಯೇ ಐದು ವಾರ ದೂಡಿದೆ. ಲೆಕ್ಕ ಮುಗಿಯುವ ಹೊತ್ತಿಗೆ ಕೆನ್ನೆ ಊದಿ ಜ್ವರ ಬಂದಿತ್ತು. ಹುಳುಕು ಬೇರಿಗಿಳಿದು ಕೀವು ತುಂಬಿದೆಯೆಂದು ವೈದ್ಯರು ಹೇಳಿದರು, ಹಲ್ಲನ್ನು ಉಳಿಸಿಕೊಳ್ಳಲಾಗಲಿಲ್ಲ. ಸಾಲಗಾರರಿಗೆ ನಿತ್ಯ ಬುದ್ಧಿ ಹೇಳುವ ನಾನೇ, ಕಂತನ್ನು ಮುಂದೂಡಿದರೆ ಬಡ್ಡಿ ನಿಲ್ಲುವುದಿಲ್ಲವೆಂಬುದನ್ನು ಮರೆತಿದ್ದೆ. ಲವಂಗ ಅಡಗಿಸಿದ್ದು ನೋವನ್ನೇ ಹೊರತು ರೋಗವನ್ನಲ್ಲ.

ಆದುದರಿಂದ ಓದುಗರಲ್ಲಿ ನನ್ನ ಬಿನ್ನಹವಿಷ್ಟೆ. ಹಲ್ಲುನೋವಿಗೆ ಲವಂಗವನ್ನು ರಾತ್ರಿ ಕಳೆಯಲು ಬಳಸಿರಿ, ತಿಂಗಳು ಕಳೆಯಲು ಬೇಡ. ನೋವು ಒಂದೆರಡು ದಿನ ಮೀರಿದರೆ ದಂತವೈದ್ಯರನ್ನು ಕಾಣಿರಿ. ಮುಖ ಊದಿದರೆ ಒಂದು ದಿನವೂ ತಡೆಯಬೇಡಿ. ಲವಂಗದೆಣ್ಣೆಯನ್ನು ಹಾಗೆಯೇ ಒಸಡಿಗೆ ಸುರಿದರೆ ಬಾಯಿ ಸುಟ್ಟಂತಾಗುತ್ತದೆ. ಚಿಕ್ಕ ಮಕ್ಕಳು ಅದನ್ನು ಕುಡಿದರೆ ಯಕೃತ್ತಿಗೇ ಅಪಾಯ; ಸೀಸೆ ಅವರ ಕೈಗೆಟುಕದಂತಿರಲಿ.

ಅಡಿಗೆಗೆ ಒಗ್ಗರಣೆಯಾಗಿ ಮಾತ್ರ ಆ ಮೊಗ್ಗು ಎಂದಿನಂತೆ ನಿರಪಾಯವಾಗಿ ಕಂಪು ಬೀರುತ್ತಿರಲಿ.