ವಿಷದ ಬಾಟಲಿಯಲ್ಲಿ ಮಧು

ನಮ್ಮ ಪ್ರಯೋಗಾಲಯದ ಮೆಥನಾಲ್ ಬಾಟಲಿಯ ಮೇಲೆ ತಲೆಬುರುಡೆಯ ಚಿತ್ರವಿದೆ. ಕಳ್ಳಭಟ್ಟಿಯಲ್ಲಿ ಸೇರಿಕೊಂಡು ಕಣ್ಣು ಕಳೆಯುವುದು, ಜೀವ ತೆಗೆಯುವುದು ಇದೇ. ಪಿಯುಸಿ ಮಕ್ಕಳಿಗೆ ಈ ಪಾಠ ಮಾಡುವಾಗ ಸೂತ್ರ ಬರೆಯುವ ಮೊದಲೇ ಹೇಳಿಬಿಡುತ್ತೇನೆ: ಈ ‘ಮೆಥ್’ ಸಂಸ್ಕೃತದ ‘ಮಧು’ವಿಗೆ ದಾಯಾದಿ. ಹಿಂದಿನ ಬೆಂಚಿನವರೂ ಆಗ ತಲೆ ಎತ್ತುತ್ತಾರೆ.

1834ರಲ್ಲಿ ಫ್ರಾನ್ಸಿನ ದ್ಯುಮಾ ಮತ್ತು ಪೆಲಿಗೊ, ಕಟ್ಟಿಗೆಯನ್ನು ಭಟ್ಟಿ ಇಳಿಸಿದಾಗ ಸಿಗುವ ದ್ರವವನ್ನು ಪರೀಕ್ಷಿಸುತ್ತ ‘ಮೆಥಿಲೀನ್’ ಎಂಬ ಹೆಸರು ಕಟ್ಟಿದರು. ಗ್ರೀಕಿನಲ್ಲಿ ‘ಮೆಥು’ ಅಂದರೆ ದ್ರಾಕ್ಷಿಯ ಮದಿರೆ, ‘ಹ್ಯೂಲೆ’ ಅಂದರೆ ಮರ. ನೇರಳೆ ಬಣ್ಣದ ಅಮೆಥಿಸ್ಟ್ ಹರಳಿನಲ್ಲೂ ಈ ಮೆಥು ಇದೆ. ಅದನ್ನು ಧರಿಸಿದರೆ ಅಮಲೇರದು ಎಂದು ಗ್ರೀಕರು ನಂಬಿದ್ದರು.

ಎರಡು ಪದ ಒಂದೇ ರೀತಿ ಕೇಳಿಸಿದ ಮಾತ್ರಕ್ಕೆ ನೆಂಟಸ್ತಿಕೆ ಕಟ್ಟಲಾಗದು. ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದವು ಎಂದ ಮೇಲೆ ವಿದ್ವಾಂಸರು ಹುಡುಕಿದ್ದು ಧ್ವನಿ ಬದಲಾಗುವ ಕಟ್ಟಳೆಯನ್ನು. ಮೂಲದ ‘ಧ’ ಸಂಸ್ಕೃತದಲ್ಲಿ ಉಳಿಯಿತು, ಗ್ರೀಕಿನಲ್ಲಿ ‘ಥ’ ಆಯಿತು, ಇಂಗ್ಲಿಷಿನಲ್ಲಿ ‘ಡ’ ಆಯಿತು. ನಮ್ಮ ವಿಧವೆ ಅಲ್ಲಿ ವಿಡೋ. ಹಾಗೆಯೇ ಮಧು ಅಲ್ಲಿ ಮೀಡ್, ಅಂದರೆ ಜೇನು ಹುಳಿಸಿದ ಪಾನೀಯ. ಲಿಥುವೇನಿಯದಲ್ಲಿ ಜೇನಿಗೆ ‘ಮೆದುಸ್’. ಇವನ್ನೆಲ್ಲ ಎದುರುಬದುರು ಇಟ್ಟು ಕಟ್ಟಿದ ಮೂಲರೂಪ ‘ಮೆಧು’. ಅದನ್ನು ಬರೆದಿಟ್ಟ ಕಲ್ಲಾಗಲಿ ಓಲೆಯಾಗಲಿ ಸಿಕ್ಕಿಲ್ಲ. ಅದಕ್ಕೇ ಪುಸ್ತಕಗಳಲ್ಲಿ ಅದರ ಮೊದಲಿಗೊಂದು ನಕ್ಷತ್ರ ಚಿಹ್ನೆ.

ಮಧುವಿನ ನೆಂಟರಲ್ಲಿ ನನಗೆ ಅಚ್ಚುಮೆಚ್ಚು ರಷ್ಯದ ಕರಡಿ. ಕರಡಿಗೆ ಈ ಭಾಷಾಕುಲದ ಹಳೆಯ ಹೆಸರು ಬೇರೆಯೇ ಇತ್ತು: ಸಂಸ್ಕೃತದಲ್ಲಿ ಋಕ್ಷ (ಜಾಂಬವಂತ ಋಕ್ಷರಾಜನಲ್ಲವೇ), ಗ್ರೀಕಿನಲ್ಲಿ ಆರ್ಕ್ಟೋಸ್, ಲ್ಯಾಟಿನ್‌ನಲ್ಲಿ ಉರ್ಸುಸ್. ಸ್ಲಾವ್ ಜನ ಅದನ್ನು ಬಿಟ್ಟೇಬಿಟ್ಟರು. ಕಾಡಿನಲ್ಲಿ ಹೆಸರೆತ್ತಿದರೆ ಪ್ರಾಣಿ ಎದುರಿಗೇ ಬಂದೀತೆಂಬ ಬೇಟೆಗಾರರ ಅಂಜಿಕೆ ಇದಕ್ಕೆ ಕಾರಣವೆನ್ನುತ್ತಾರೆ. ನಮ್ಮ ಹಳ್ಳಿಗಳಲ್ಲಿ ಕತ್ತಲಾದ ಮೇಲೆ ಹಾವೆನ್ನದೆ ‘ಹುಳ’ ಎನ್ನುವುದಿಲ್ಲವೇ, ಹಾಗೆ. ಬದಲಿಗೆ ಇಟ್ಟ ಹೆಸರು ‘ಮೆದ್ವೇದ್’, ಜೇನು ತಿನ್ನುವವನು. ಋಗ್ವೇದದಲ್ಲಿ ಇದೇ ಎರಡು ಧಾತುಗಳ ‘ಮಧ್ವದ’ ಇದೆ, ಆದರೆ ಅಲ್ಲಿ ಅದು ಹಕ್ಕಿಗಳಿಗೆ. ರಷ್ಯದ ಅಧ್ಯಕ್ಷರಾಗಿದ್ದ ಮೆಡ್ವೆಡೆವ್ ಅವರ ಮನೆತನದ ಹೆಸರಿನಲ್ಲೂ ಇರುವುದು ಈ ಕರಡಿಯೇ.

ಮಧು ಪೂರ್ವಕ್ಕೂ ಹೋಯಿತು. ತಾರಿಮ್ ಕಣಿವೆಯ ತೊಖಾರಿಯನ್ನರು ಅದನ್ನು ‘ಮಿತ್’ ಎಂದರು. ಚೀನೀಯರ ‘ಮಿ’ ಅಲ್ಲಿಂದ ಪಡೆದದ್ದೆಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ, ಜಪಾನಿನ ‘ಮಿತ್ಸು’ ಚೀನಾದಿಂದ ಹೋದದ್ದು.

“ಹಾಗಾದ್ರೆ ಮದ್ಯವೂ ಇದೇನಾ ಸಾರ್?” ಎಂದು ತರಗತಿಯಲ್ಲಿ ಯಾರಾದರೊಬ್ಬರು ಕೇಳುವುದುಂಟು. ಅಲ್ಲ. ಅದು ಅಮಲೇರುವ ‘ಮದ್’ ಧಾತುವಿನದು, ಅಲ್ಪಪ್ರಾಣ. ಬೋರ್ಡುಗಳಲ್ಲಿ ‘ಮಧ್ಯದ ಅಂಗಡಿ’ ಎಂದು ಬರೆಸುವವರಿಗೆ ಇದನ್ನು ಹೇಳುವುದು ಹೇಗೋ! ನಮ್ಮ ಜೇನಿಗೂ ಮಧುವಿಗೂ ಸಂಬಂಧವಿಲ್ಲ. ತಮಿಳಿನ ತೇನ್, ತೆಲುಗಿನ ತೇನೆ ಅದರ ಒಡಹುಟ್ಟಿದವು.