ಕಡಲಿಲ್ಲದ ಸೀಮೆಯ ಈಜು

ನಮ್ಮ ಮಂಡ್ಯ ಸೀಮೆಗೆ ಕಡಲಿಲ್ಲ. ಆದರೂ ಹಿರಿಯರು ತುಂಬಿ ನಿಂತ ನೀರಿಗೆ ಸಾಗರವೆಂದೇ ಹೆಸರಿಟ್ಟರು. ಕನ್ನಂಬಾಡಿ ಕಟ್ಟೆಯ ಹಿಂದೆ ಕೃಷ್ಣರಾಜಸಾಗರ. ಪಾಂಡವಪುರದ ಬಳಿಯ ತೊಣ್ಣೂರು ಕೆರೆಗೆ ತಿರುಮಲಸಾಗರವೆಂಬ ಹಳೆಯ ಹೆಸರು. ಇದೇ ತಾಲ್ಲೂಕಿನ ಮೇಲುಕೋಟೆಯ ಕಲ್ಲುಬೆಟ್ಟದಲ್ಲಿ 1905ರಲ್ಲಿ ಹುಟ್ಟಿದ ಕವಿ ಪು.ತಿ. ನರಸಿಂಹಾಚಾರ್ (ಪುತಿನ) ಅವರಿಗೆ ಸಾಗರ ಕಂಡದ್ದು ದಿನದಿನದ ಬದುಕಿನಲ್ಲಿ.

ಕವಿಗೆ ಬೇಕಾದದ್ದೇನು ಎಂಬುದಕ್ಕೆ ಪುತಿನ ಎರಡು ಮಾತು ಕೊಟ್ಟರು: ಭವನಿಮಜ್ಜನ ಚಾತುರ್ಯ, ಲಘಿಮಾ ಕೌಶಲ. ಕೇಳಲು ಬಿರುಸು ಸಂಸ್ಕೃತ. ಬಿಡಿಸಿದರೆ, ಬದುಕಿನಲ್ಲಿ ಮುಳುಗುವ ಜಾಣ್ಮೆ, ಮುಳುಗಿಯೂ ಹಗುರಾಗಿ ಮೇಲೇಳುವ ಕುಶಲತೆ. ಕಾಲೇಜಿನಲ್ಲಿ ಇದನ್ನು ಬಾಯಿಪಾಠ ಮಾಡಿ ಅಂಕ ಗಳಿಸಿದ್ದೆ. ಅರ್ಥವಾದದ್ದು ಎಷ್ಟೋ ವರ್ಷದ ಮೇಲೆ, ಕೆ.ಆರ್. ಪೇಟೆ ಕಡೆಯ ಸೋದರಮಾವನ ತೋಟದ ಬಾವಿ ನೆನಪಾದಾಗ.

ಬೇಸಿಗೆ ರಜೆ. ಬೆನ್ನಿಗೆ ಒಣಗಿದ ಸೋರೆಬುರುಡೆ, ಸೊಂಟಕ್ಕೆ ಹಗ್ಗ. ನೀರಿಗಿಳಿದರೆ ಪಾಚಿಯ ವಾಸನೆ, ಕಿವಿಯೊಳಗೆ ಗುಂಯ್ ಶಬ್ದ. ನಾನು ಜೀವಭಯದಿಂದ ಕೈಕಾಲು ಬಡಿಯುತ್ತಿದ್ದೆ. ಮೆಟ್ಟಿಲ ಮೇಲೆ ಕೂತ ಮಾವ ಕೂಗುತ್ತಿದ್ದರು: “ಒದ್ದಾಡ್‌ಬ್ಯಾಡ ಕಣ್ಲಾ ಮಗ, ಮೈ ಸಡ್ಲ ಬುಡು, ನೀರೇ ಎತ್ಕತದೆ!”

ಲಘಿಮಾ ಕೌಶಲಕ್ಕೆ ಇದಕ್ಕಿಂತ ಒಳ್ಳೆಯ ಟೀಕೆಯನ್ನು ನಾನು ಓದಿಲ್ಲ.

ಪುತಿನ ಮುಳುಗದೆ ದಡದಲ್ಲಿ ಕೂತವರಲ್ಲ. ಗೋಕುಲದ ಕೊಳಲಿಗೆ ಕಿವಿಗೊಟ್ಟು ‘ಗೋಕುಲ ನಿರ್ಗಮನ’ ಬರೆದವರು ಹೊಟ್ಟೆಪಾಡಿಗೆ ದುಡಿದದ್ದು ಮೈಸೂರು ಸಂಸ್ಥಾನದ ಸೇನಾ ಕಚೇರಿಯಲ್ಲಿ. ಮನೆಮಾತು ತಮಿಳು, ಸುತ್ತ ವೇದಘೋಷ, ಬರೆದದ್ದು ಕನ್ನಡ. ಮೊದಲ ಸಂಕಲನಕ್ಕೆ ಇಟ್ಟ ಹೆಸರು ‘ಹಣತೆ’, ಅಷ್ಟು ಪುಟ್ಟದು.

ಕಡಲು ದಾಟಿ ಈಜಿದ ಕವಿಗಳ ಮಾತು ಬಂದಾಗ ನಾಗಮಂಗಲ ತಾಲ್ಲೂಕಿನ ಬೆಳ್ಳೂರನ್ನು ಬಿಡಲಾಗದು. ಆ ಊರನ್ನು ಹೆಸರಿನ ಮೊದಲಕ್ಷರದಲ್ಲೇ ಹೊತ್ತ ಬಿ.ಎಂ. ಶ್ರೀಕಂಠಯ್ಯ 1926ರ ‘ಇಂಗ್ಲಿಷ್ ಗೀತಗಳು’ ಪುಸ್ತಕದಲ್ಲಿ ಕಡಲಾಚೆಯ ಹಾಡುಗಳಿಗೆ ಕನ್ನಡದ ಉಸಿರು ಕೊಟ್ಟರು. ಕೆ.ಆರ್. ಪೇಟೆಯ ಕಿಕ್ಕೇರಿಯಲ್ಲಿ 1915ರಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿ ಸ್ಕಾಟ್ಲೆಂಡಿನ ಬರ್ನ್ಸ್‌ನ ಪ್ರೇಮಗೀತೆಗಳನ್ನು ಕನ್ನಡಿಸಿದರು. ಆದರೆ 1942ರ ‘ಮೈಸೂರ ಮಲ್ಲಿಗೆ’ಯಲ್ಲಿರುವುದು ನಮ್ಮದೇ ತವರುಮನೆ, ನಮ್ಮದೇ ಗಂಡ ಹೆಂಡಿರ ಮುನಿಸು. ಸಣ್ಣ ಸಂಬಳದ ಸಂಸಾರದಲ್ಲಿ ಮುಳುಗಿಯೂ ಅಷ್ಟು ಹಗುರಾಗಿ ಹಾಡುವುದು ಸುಲಭವೇ?

ಶ್ರೀರಂಗಪಟ್ಟಣದಲ್ಲಿ ಕಾವೇರಿ ಕವಲೊಡೆದು ಮತ್ತೆ ಕೂಡಿ ಕಡಲ ಕಡೆಗೆ ಹೋಗುತ್ತಾಳೆ. ಪುತಿನ ಇಳಿವಯಸ್ಸಿನಲ್ಲೂ ದಡ ಸೇರುವ ಆತುರ ತೋರಲಿಲ್ಲ; ‘ಶ್ರೀಹರಿಚರಿತೆ’ಯಂಥ ಮಹಾಕಾವ್ಯಕ್ಕೆ ಧುಮುಕಿದರು. 1991ರಲ್ಲಿ ಪಂಪ ಪ್ರಶಸ್ತಿ ಬಂದಾಗ ಅವರಿಗೆ ಎಂಬತ್ತಾರು.

ಆ ಬಾವಿಯಲ್ಲಿ ನಾಲ್ಕನೆಯ ದಿನ ಮಾವ ನನಗೆ ಹೇಳದೆಯೇ ಗಂಟು ಸಡಿಲಿಸಿದ್ದರು. ಎದುರಿನ ಕಲ್ಲು ಮುಟ್ಟಿ, ಏದುಸಿರು ಬಿಡುತ್ತಾ ತಿರುಗಿದೆ. ಸೋರೆಬುರುಡೆ ಅವರ ತೊಡೆಯ ಮೇಲಿತ್ತು.